ಮರದ ಮೇಲೆ ಒಬ್ಬನಿರುವಾಗ

ನಿವೃತ್ತಿ ಎಂದರೆ ನಗಬೇಡಿ. ನನಗೆ ಇನ್ನೂ ಮೂವತ್ತೊಂದು. ಆದರೆ ಬಲ ಭುಜ ಎರಡು ಸಲ ಕೀಲು ತಪ್ಪಿದ ಮೇಲೆ ಡಾಕ್ಟರು, "ಇನ್ಮೇಲೆ ಸ್ಟೂಲ್ ಹತ್ತಿ ಬಲ್ಬ್ ಹಾಕಬಹುದು, ಅಷ್ಟೇ" ಎಂದುಬಿಟ್ಟರು. ಒಂಬತ್ತು ವರ್ಷ ಮರ ಹತ್ತಿದವನಿಗೆ ಅದೇ ನಿವೃತ್ತಿ ಪತ್ರ. ಈಗ ನಮ್ಮೂರು ಗುಮ್ಮಘಟ್ಟದಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತೇನೆ, ಮರ ಹತ್ತುವವರಿಗೆ ಸೊಂಟದ ಪಟ್ಟಿ ಹೊಲಿದುಕೊಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಅಂಗಡಿಗೆ ಬಂದು ಯಾವ ಹಗ್ಗ ಒಳ್ಳೆಯದು, ಯಾವ ಗರಗಸ ತೆಗೆದುಕೊಳ್ಳಲಿ ಎಂದು ಕೇಳುತ್ತಾರೆ. ಅದೆಲ್ಲ ಫೋನಿನಲ್ಲಿ ಸಿಗುತ್ತದೆ, ನಾನೂ ಅಲ್ಲೇ ಕಲಿತವನು. ಸಿಗದ ಒಂದು ವಿಷಯ ಇದೆ, ಅದನ್ನು ಬರೆಯುತ್ತೇನೆ. ತಮಾಷೆ ಎಂದರೆ ಅದು ನಡೆದದ್ದೂ ಫೋನಿನಲ್ಲೇ.

ಮೊದಲು ನಾನು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದೆ. ಇಡೀ ಪ್ಯಾಂಟಲ್ಲ, ಬರೀ ಸೊಂಟದ ಪಟ್ಟಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಸೊಂಟ, ಸೊಂಟ, ಸೊಂಟ. ಕಿಟಕಿಯಾಚೆ ಒಂದು ದೊಡ್ಡ ಬೇವಿನ ಮರ ಇತ್ತು. ಒಂದು ದಿನ ಒಬ್ಬ ಮನುಷ್ಯ ಬರಿಗಾಲಲ್ಲಿ, ಒಂದು ಮಚ್ಚು, ಒಂದು ತೆಂಗಿನ ನಾರಿನ ಹಗ್ಗ ಹಿಡಿದು ಅದನ್ನು ಹತ್ತಿದ. ಮೂರು ಗಂಟೆಯಲ್ಲಿ ಆ ಮರಕ್ಕೆ ಕ್ಷೌರ ಮಾಡಿಸಿದ ಹಾಗೆ ಮಾಡಿ ಇಳಿದ. ಅವತ್ತು ನಾನು ಹೊಲಿದ ಪಟ್ಟಿಗಳಲ್ಲಿ ಅರ್ಧ ವಾಪಸು ಬಂದವು.

ಆಮೇಲೆ ಹುಚ್ಚು ಹಿಡಿಯಿತು. ಯಾವ್ಯಾವುದೋ ದೇಶದವರು ಹಗ್ಗದಲ್ಲಿ ಜೋತಾಡುತ್ತಾ ಮರ ಕತ್ತರಿಸುವ ವಿಡಿಯೋಗಳನ್ನು ನೋಡಿದೆ. ಭಾಷೆ ಅರ್ಥವಾಗದಿದ್ದರೂ ಗಂಟು ಅರ್ಥವಾಗುತ್ತಿತ್ತು. ಅವರು ಸೊಂಟಕ್ಕೆ, ತೊಡೆಗೆ ಹಾಕುವ ಪಟ್ಟಿ ನಮ್ಮ ಕಡೆ ಸಿಗುತ್ತಿರಲಿಲ್ಲ. ಲಾರಿಯವರು ಸರಕು ಬಿಗಿಯುವ ದಪ್ಪ ಪಟ್ಟಿ ತಂದು ನಮ್ಮ ಜೀನ್ಸ್ ಮಷೀನಿನಲ್ಲೇ ಹೊಲಿದೆ. ಮಾಲೀಕರು ಅದನ್ನು ಎತ್ತಿ ಹಿಡಿದು ನೋಡಿ, "ಯಾರ ಪ್ಯಾಂಟೋ ತಮ್ಮಾ ಇದು? ಕಾಲೇ ಇಲ್ಲಲ್ಲೋ!" ಎಂದರು. ಆ ಕಾಲಿಲ್ಲದ ಪ್ಯಾಂಟು ನನ್ನನ್ನು ಆರು ವರ್ಷ ಹೊತ್ತಿತು.

ಮೊದಲ ತಪ್ಪು ಮೊದಲ ವಾರವೇ ಆಯಿತು. ಒಬ್ಬ ಅಮ್ಮನ ಕುರಿ ಹಟ್ಟಿಯ ಮೇಲೆ ಬೇವಿನ ಕೊಂಬೆ ಬಾಗಿತ್ತು. ನಾನು ಮೇಲಿನಿಂದ ಒಂದೇ ಸಮ ಕೊಯ್ದೆ. ಮುಕ್ಕಾಲು ಭಾಗಕ್ಕೆ ಬಂದಾಗ ಅದು ತನ್ನ ಭಾರಕ್ಕೆ ತಾನೇ ಮುರಿದು, ಕಾಂಡದ ತೊಗಟೆಯನ್ನು ಆಳುದ್ದ ಸುಲಿದುಕೊಂಡು, ಉಯ್ಯಾಲೆಯ ಹಾಗೆ ತೂಗಿ ಹಟ್ಟಿಯ ಬೇಲಿಗೆ ಬಡಿಯಿತು. ಕುರಿಗಳು ದಿಕ್ಕಾಪಾಲು. ಸಂಜೆಯವರೆಗೆ ಅವನ್ನು ಕೂಡಿಸಿ ತಂದೆವು. ಆ ಅಮ್ಮ, "ಟೊಂಗಿ ಇಳಸಪ್ಪಾ ಅಂದ್ರ ಕುರಿ ಕಾಯಾಕ ಹಚ್ಚಿದೆಲ್ಲೋ ನನ್ನ" ಎಂದು ಬೈದು, ಬೈದ ಮೇಲೆ ರೊಟ್ಟಿ ಕೊಟ್ಟಳು.

ಅಷ್ಟರಲ್ಲಿ ನಾನೊಂದು ವಾಟ್ಸಾಪ್ ಗುಂಪು ಮಾಡಿದ್ದೆ. ಮರ ಹತ್ತುವ ಕೆಲಸದವರು, ಐದೇ ಜನ. ಅವರಲ್ಲೊಬ್ಬರು ಮಡಕಶಿರಾ ಕಡೆಯ ತಿಪ್ಪೇಸ್ವಾಮಿ. ಅವರ ನಂಬರನ್ನು ಎರಡೂ ಕಡೆ ಓಡಾಡುವ ಹುಣಸೆ ವ್ಯಾಪಾರಿಯೊಬ್ಬರು ಕೊಟ್ಟಿದ್ದರು, ಮುಖ ನೋಡಿರಲಿಲ್ಲ. ಸುಲಿದ ಬೇವಿನ ಫೋಟೋ ಹಾಕಿ, ಏನು ತಪ್ಪಾಯಿತು ಎಂದು ಕೇಳಿದೆ. ತಿಪ್ಪೇಸ್ವಾಮಿ ಓದು ಬರಹ ಬಾರದವರು, ಎಲ್ಲವನ್ನೂ ಧ್ವನಿಯಲ್ಲೇ ಕಳಿಸುತ್ತಿದ್ದರು. ಜನರ ಹೆಸರನ್ನೂ ಹಿಡಿಯುತ್ತಿರಲಿಲ್ಲ, ಊರಿನ ಹೆಸರಿಂದಲೇ ಕರೆಯುತ್ತಿದ್ದರು.

"ಲೇ ಗುಮ್ಮಘಟ್ಟ, ಕೊಂಬೆಗೆ ಕೆಳಗಿಂದ ಮೊದ್ಲು ಒಂದ್ ಗಾಯ ಮಾಡು. ಆಮೇಲೆ ಮೇಲಿಂದ ಕುಯ್ಯಿ. ಇಲ್ದಿದ್ರೆ ಅದು ಚರ್ಮ ಸುಲ್ಕಂಡೇ ಬೀಳದು. ಮರಾನೂ ಮನುಷ್ಯನ ಥರಾನೇ ಕಣಪ್ಪ, ಎಳೆದ್ರೆ ಕಿತ್ಕಂಡು ಬತ್ತದೆ."

ನನ್ನ ಮೇಷ್ಟ್ರು ಎಂದರೆ ಅವರೇ. ನೂರು ಕಿಲೋಮೀಟರು ಆಚೆಯಿಂದ, ಬರೀ ದನಿ.

ಗುಂಪು ಬೆಳೆಯಿತು. ರಾಯದುರ್ಗ, ಬೊಮ್ಮನಹಾಳ, ಕಲ್ಯಾಣದುರ್ಗ, ರೊಳ್ಳ, ಮಡಕಶಿರಾ. ತೆಂಗು ಹತ್ತುವವರು, ಹುಣಸೆ ಬಡಿಯುವವರು, ಮನೆ ಮೇಲೆ ಬಾಗಿದ ಕೊಂಬೆ ಇಳಿಸುವವರು. ಗಡಿ ಸೀಮೆಯಲ್ಲವೇ, ಅರ್ಧ ಕನ್ನಡ, ಅರ್ಧ ತೆಲುಗು. ಒಮ್ಮೆ ನಮ್ಮವನೊಬ್ಬ ಕರೆಂಟ್ ತಂತಿಯ ಪಕ್ಕದ ಹೊಂಗೆಮರದಲ್ಲಿದ್ದಾಗ ತಂತಿಗೆ ಕರೆಂಟು ಬಂತು. ಕರೆಂಟಿನವರ ತಪ್ಪೇನಿಲ್ಲ, ಹತ್ತುತ್ತೇನೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ತೋಳು ಸುಟ್ಟುಕೊಂಡು ಬದುಕಿದ. ಅವತ್ತಿನಿಂದ ಗುಂಪಿನಲ್ಲಿ ಒಂದು ಪದ್ಧತಿ ಬಂತು. ಹತ್ತುವ ಮುಂಚೆ ಊರು, ಹೊಲ, ಮರ ಹೇಳಿ "ಹತ್ತಿದೆ" ಎಂದು ಹಾಕಬೇಕು. ನೆಲಕ್ಕೆ ಬಂದ ಮೇಲೆ "ಇಳಿದೆ". ಎರಡು ಗಂಟೆಯಾದರೂ "ಇಳಿದೆ" ಬರದಿದ್ದರೆ ಯಾರಾದರೂ ಫೋನ್ ಮಾಡಬೇಕು. ಒಂದು ಪೈಸೆ ಖರ್ಚಿಲ್ಲದ ಈ ಪದ್ಧತಿ ನಾನು ಕೊಂಡ ಯಾವ ಹಗ್ಗಕ್ಕಿಂತ ಗಟ್ಟಿ ಎಂದು ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ರಾಜಕೀಯ ಹೇಗೆ ಒಳಗೆ ಬಂತು ಎಂದು ಈಗ ಯೋಚಿಸಿದರೆ, ಅದು ಮರದ ಮೂಲಕವೇ ಬಂತು. ರಸ್ತೆ ಅಗಲ ಮಾಡಲು ಸಾಲು ಬೇವು ಕಡಿದ ಫೋಟೋ ಯಾರೋ ಹಾಕಿದರು. ಪಾಪ, ದುಃಖದಿಂದಲೇ ಹಾಕಿದ್ದು. ಕಡಿಯುವ ಕೆಲಸ ಯಾರಿಗೆ ಸಿಕ್ಕಿತು ಎಂದು ಇನ್ನೊಬ್ಬರು ಕೇಳಿದರು. "ನಿಮ್ಮ ಪಾರ್ಟಿಯವರಿಗೇ" ಎಂದು ಮತ್ತೊಬ್ಬರು. ಮುಗಿಯಿತು. ಮಾರನೆಯ ದಿನದಿಂದ ಬೆಳಗಿನ ಶುಭೋದಯದ ಹೂವಿನ ಹಿಂದೆ ನಾಯಕರ ಮುಖ ಬರಲು ಶುರುವಾಯಿತು.

ಇದರಲ್ಲಿ ಇಬ್ಬರು ಹುಲಿಗಳು. ಒಂದು ಕಡೆ ತಿಪ್ಪೇಸ್ವಾಮಿ. ಇನ್ನೊಂದು ಕಡೆ ರಾಯದುರ್ಗದ ವನ್ನೂರಪ್ಪ. ವನ್ನೂರಪ್ಪ ನನಗೆ ಹತ್ತಿರದವರು, ಎಷ್ಟೋ ಕೆಲಸದಲ್ಲಿ ನಾನು ಮೇಲಿದ್ದಾಗ ಕೆಳಗೆ ನನ್ನ ಹಗ್ಗ ಹಿಡಿದವರು. ಸರ್ಕಾರ ವನ್ನೂರಪ್ಪನ ಪಕ್ಷದ್ದು. ತಿಪ್ಪೇಸ್ವಾಮಿಗೆ ಅದನ್ನು ಕಂಡರಾಗದು.

"ಏನ್ರಿ ಮಡಕಶಿರಾ, ನಿಮ್ಮ ನಾಯಕ್ರು ಇವತ್ತು ಯಾವ ಊರಾಗ ಅಳ್ತಾರ?" ಎಂದು ವನ್ನೂರಪ್ಪ ಬೆಳಿಗ್ಗೆ ಹಾಕುವರು.

"ನಿಮ್ಮೋರು ಕೊಟ್ಟಿರೋ ರಸ್ತೇಲಿ ಬಿದ್ದು ಅಳ್ತಾವ್ರೆ ಕಣಯ್ಯ" ಎಂದು ಒಂದು ನಿಮಿಷದೊಳಗೆ ತಿಪ್ಪೇಸ್ವಾಮಿಯ ದನಿ.

ಮೊದಮೊದಲು ನಾವೂ ನಕ್ಕೆವು. ಆಮೇಲೆ ಜನ ಗುಂಪು ಬಿಡತೊಡಗಿದರು. ನೇಮಕಲ್ಲಿನ ಒಬ್ಬ ಒಳ್ಳೆಯ ಕೆಲಸಗಾರ, "ನಾನು ಗಂಟು ಕಲಿಯಾಕ ಬಂದಿದ್ದೆ, ಓಟು ಹಾಕಾಕಲ್ಲ" ಎಂದು ಬರೆದು ಹೋದ. ಗುಂಪನ್ನು ನಾನು ಮಾಡಿದ್ದಲ್ಲವೇ? ರಾಜಕೀಯ ಬೇಡ ಎಂದು ಬೇಡಿದೆ. ಮೆಸೇಜುಗಳನ್ನು ಅಳಿಸಿದೆ. ಅಳಿಸಿದರೆ ನೀನು ಆ ಪಾರ್ಟಿ ಎಂದರು, ಬಿಟ್ಟರೆ ಈ ಪಾರ್ಟಿ ಎಂದರು. ನಾನು ಯಾವ ಪಾರ್ಟಿ ಎಂದು ನನಗೇ ಅನುಮಾನ ಬಂತು.

ಆ ದಿನ ಹುಣಸೆ ಸುಗ್ಗಿಯ ಕಾಲ. ಹನ್ನೊಂದರ ಸುಮಾರಿಗೆ ತಿಪ್ಪೇಸ್ವಾಮಿಯ ದನಿ ಬಂತು: "ರೊಳ್ಳದ ಈಚೆ, ಹಿಪ್ಪುನೇರಳೆ ತೋಟದ ಪಕ್ಕ ಹುಣಸೆ ಮರ. ಒಂದ್ ಕೊಂಬೆ ದಾರಿ ಮ್ಯಾಲಕ್ಕೆ ವಾಲೈತೆ, ತೆಗೀತೀನಿ. ಯಜಮಾನ್ರು ಕೆಳಗವ್ರೆ. ಹತ್ತಿದೆ." ಇದನ್ನು ನಾನು ಕೇಳಿದ್ದೆ. ಕೇಳಲಿಲ್ಲ ಎಂದು ಸುಳ್ಳು ಬರೆಯಲಾರೆ. ಆದರೆ ಹತ್ತುವ ಮುಂಚೆ ಅವರು ವನ್ನೂರಪ್ಪನ ನಾಯಕರ ಒಂದು ವಿಡಿಯೋಗೆ ಕುಟುಕಿ ಹೋಗಿದ್ದರು. ಅದಕ್ಕೆ ವನ್ನೂರಪ್ಪ, ವನ್ನೂರಪ್ಪನಿಗೆ ಇನ್ನೊಬ್ಬ, ಅವನಿಗೆ ಮತ್ತೊಬ್ಬ. ಅಪ್ಪ ಅಮ್ಮನ ತನಕ ಹೋಯಿತು. ನಾನು ಕೆಲಸ ಬಿಟ್ಟು ಉದ್ದುದ್ದ ಬುದ್ಧಿವಾದ ಬರೆದೆ, ಯಾರೂ ಓದಲಿಲ್ಲ. ತಲೆ ಕೆಟ್ಟು, ಅಡ್ಮಿನ್ ಬಿಟ್ಟು ಬೇರೆ ಯಾರೂ ಏನೂ ಕಳಿಸದಂತೆ ಗುಂಪಿಗೆ ಬೀಗ ಹಾಕಿದೆ. ಅಡ್ಮಿನ್ ನಾನೊಬ್ಬನೇ.

ಎಂಥ ನೆಮ್ಮದಿ! ಫೋನು ಸುಮ್ಮನಾಯಿತು. ಒಂದು ಚಹಾ ಕುಡಿದು ಗರಗಸಕ್ಕೆ ಸಾಣೆ ಹಿಡಿಯುತ್ತ ಕೂತೆ. ಮೂರು ಗಂಟೆ ದಾಟಿರಬೇಕು, ವನ್ನೂರಪ್ಪನ ಫೋನು.

"ಗ್ರೂಪಿಗೆ ಬೀಗ ಹಾಕಿದಿ ಅಲ್ಲೋ ತಮ್ಮಾ?"

"ಹೌದ್ರಿ ಅಣ್ಣಾ. ನಾಳೆ ತೆಗೀತೀನಿ. ಎಲ್ರೂ ತಣ್ಣಗಾಗ್ಲಿ."

"ತಣ್ಣಗರ ಮಾಡು, ಬಿಸಿಯರ ಮಾಡು. ಆ ತಿಪ್ಪೇಸ್ವಾಮಿ ಫೋನ್ ತೆಗೀವಲ್ಲ."

"ಸಿಟ್ಟು ಬಂದಿರಬೇಕು, ಬಿಡ್ರಿ."

"ಸಿಟ್ಟು ಬಂದ್ರ ಫೋನ್ ತೆಗೀದಂಗ ಇರೋ ಮನುಷ್ಯಾ ಏನೋ ಅವಾ? ತೆಗೆದು ಬೈತಾನ. ಹನ್ನೊಂದು ಸಲ ಮಾಡೀನಿ."

"ಹನ್ನೊಂದು ಸಲ ಯಾಕ್ರಿ?"

"ಬೈಯಾಕ! ಅವನ ಮಾತಿಗೆ ಜವಾಬು ಕೊಡೋದ್ರಾಗ ನೀ ಬಾಗಲಾ ಮುಚ್ಚಿದಿ." ಆಮೇಲೆ ಅವರ ದನಿ ಇಳಿಯಿತು. "ತಮ್ಮಾ, ಅವಾ ಬೆಳಿಗ್ಗೆ ಹತ್ತಿದೆ ಅಂತ ಹಾಕ್ಯಾನ. ಇಳಿದೆ ಅಂತ ಹಾಕಿಲ್ಲ."

"ಬೀಗ ಐತಲ್ರಿ, ಹೆಂಗ ಹಾಕ್ತಾರ?"

"ಅದ ಕೇಳಾಕತ್ತೀನಿ. ಅವಾ ಎಲ್ಲಿ ಹಾಕಬೇಕು? ನಿನ್ನ ತಲಿ ಮ್ಯಾಲ?"

ತಿಪ್ಪೇಸ್ವಾಮಿ ಹತ್ತಿ ನಾಲ್ಕು ತಾಸು ದಾಟಿತ್ತು. ಬೀಗ ತೆಗೆದೆ. ವನ್ನೂರಪ್ಪ ನನ್ನ ಜೊತೆ ಮಾತು ಮುಗಿಸುವಷ್ಟರಲ್ಲೇ ಇನ್ನೊಂದು ಫೋನಿನಿಂದ ರೊಳ್ಳದ ಒಬ್ಬ ಸದಸ್ಯನಿಗೆ ಬೈಕ್ ಹತ್ತಲು ಹೇಳಿದ್ದರು. ಬೆಳಗಿನ ದನಿಯಲ್ಲಿ ಗುರುತು ಇತ್ತಲ್ಲ, ಹಿಪ್ಪುನೇರಳೆ ತೋಟ, ದಾರಿ. ಅರ್ಧ ಗಂಟೆಗೆ ಫೋನು ಬಂತು. ಸಿಕ್ಕಿದ್ದಾರೆ, ಮೇಲೆಯೇ ಇದ್ದಾರೆ, ಮಾತಾಡುತ್ತಿದ್ದಾರೆ.

ನಡೆದದ್ದು ಇಷ್ಟು. ಹೊಲದ ಯಜಮಾನರು ಊಟಕ್ಕೆ ಹೋದವರು ಹಾಗೇ ರೇಷ್ಮೆ ಗೂಡು ಮಾರಲು ಹೋಗಿದ್ದರು. ಕೊಂಬೆಯ ಒಳಗೆ ಟೊಳ್ಳು ಇತ್ತು. ಅರ್ಧ ಕೊಯ್ಯುವಷ್ಟರಲ್ಲಿ ಅದು ಸೀಳಿ, ತಿರುಗಿ, ತಿಪ್ಪೇಸ್ವಾಮಿಯ ಎಡಗೈಯನ್ನು ಕಾಂಡಕ್ಕೆ ಒತ್ತಿ ಹಿಡಿಯಿತು. ಗರಗಸ ಕೆಳಗೆ ಬಿತ್ತು. ಸೊಂಟದ ಪಟ್ಟಿ ಇದ್ದದ್ದರಿಂದ ಅವರು ಬೀಳಲಿಲ್ಲ. ಕೂಗಿದರು. ಆ ಹೊತ್ತಿನಲ್ಲಿ ಹೊಲದ ಕಡೆ ಯಾರಿರುತ್ತಾರೆ? ಬಲಗೈಯಿಂದ ಜೇಬಿನ ಫೋನು ತೆಗೆದು ಗುಂಪು ತೆರೆದರು. ಅವರಿಗೆ ಫೋನೆಂದರೆ ಗುಂಪು, ಗುಂಪೆಂದರೆ ಆ ಮೈಕಿನ ಗುರುತು. ಅದೇ ಕಾಣಲಿಲ್ಲ. ಅದರ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. ಆ ಸಾಲಿನ ಮೇಲೆಯೇ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಬೆವರಿಗೆ ಫೋನು ಜಾರಿ ಬಿತ್ತು.

ರೊಳ್ಳದವನು ಊರಿನವರನ್ನು ಕರೆತಂದು, ಹಾರೆ ಹಾಕಿ ಕೊಂಬೆ ಸಡಿಲಿಸಿ ಅವರನ್ನು ಇಳಿಸಿದ. ಜೀವಕ್ಕೇನೂ ಆಗಲಿಲ್ಲ. ಎಡಗೈಯ ಮೂರು ಬೆರಳು ಮಾತ್ರ ಮಡಚದ ಹಾಗಾದವು.

ಮೂರು ವಾರ ನಾನು ಹೋಗಲಿಲ್ಲ. ಅಂಜಿಕೆ. ಕೊನೆಗೆ ವನ್ನೂರಪ್ಪನೇ ಬೆಳಿಗ್ಗೆ ಹಗ್ಗದ ಚೀಲ ಸಮೇತ ಮನೆಗೆ ಬಂದು, "ನಡಿ" ಎಂದರು. ಹಗ್ಗ ಯಾಕೆ ಎಂದು ಕೇಳಿದರೆ, "ಮಡಕಶಿರಾ ಕಡೀ ಮರಾ ಇಲ್ಲೇನು? ಕೈ ಬೀಸ್ಕೊಂತ ಹೋಗೋದು ರೂಢಿ ಇಲ್ಲ ನನಗ" ಎಂದರು. ಕಲ್ಯಾಣದುರ್ಗದಲ್ಲಿ ಒಮ್ಮೆ, ಪಾವಗಡದಲ್ಲಿ ಒಮ್ಮೆ ಬಸ್ಸು ಬದಲಿಸಿ ಹೋದೆವು. ದಾರಿಯಲ್ಲಿ ಒಂದೇ ಮಾತು ಹೇಳಿದರು.

"ಅವನಿಗೆ ಬೀಗದ ವಿಷಯ ಗೊತ್ತಿಲ್ಲ. ನೆಟ್‌ವರ್ಕ್ ಹೋಗಿತ್ತು ಅಂತ ತಿಳ್ಕೊಂಡಾನ. ಫೋನಿನ್ಯಾಗ ನಾ ಹೇಳಿಲ್ಲ, ಇವತ್ತೂ ಹೇಳಂಗಿಲ್ಲ."

"ನಾನು ಹೇಳ್ಲೇನ್ರಿ?"

"ನನ್ನ ಯಾಕ ಕೇಳ್ತಿ?"

ತಿಪ್ಪೇಸ್ವಾಮಿ ಮನೆಯ ಮುಂದಿನ ಜಗಲಿಯಲ್ಲಿ ಕೂತಿದ್ದರು. ದನಿ ಕೇಳಿ ನಾನು ಆರಡಿ ಆಳು ಎಂದುಕೊಂಡಿದ್ದೆ, ಗಿಡ್ಡ ಮನುಷ್ಯ. ಎಡಗೈಗೆ ಬಿಳಿ ಪಟ್ಟಿ. ಇಬ್ಬರು ಹುಲಿಗಳು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು.

"ನೀನಾ ರಾಯದುರ್ಗ? ಇಷ್ಟು ಬಡಕಲಾ? ದನಿ ಕೇಳಿದ್ರೆ ಎಮ್ಮೆಕೋಣ ಅಂದ್ಕಂಡಿದ್ದೆ."

"ನೀವೂ ಗಿಡ್ಡ ಅದೀರಿ ಬಿಡ್ರಿ, ಪ್ಯಾಂಟ್ ಹೊಲಿದ್ರ ಬಟ್ಟಿ ಉಳಿತೈತಿ" ಎಂದರು ವನ್ನೂರಪ್ಪ.

ಅವರ ಮನೆಯವರು ಮಜ್ಜಿಗೆ ತಂದುಕೊಟ್ಟರು. ಕುಡಿದು ಲೋಟ ಇಡುವುದಕ್ಕೂ ಬಿಡದೆ ತಿಪ್ಪೇಸ್ವಾಮಿ ಶುರು ಮಾಡಿದರು.

"ನೋಡಯ್ಯ ಈ ಕೈನ. ಇದು ಮರ ಮಾಡಿದ್ದಲ್ಲ. ನಿಮ್ ಸರ್ಕಾರ ಮಾಡಿದ್ದು. ಒಂದ್ ಟವರ್ ನೆಟ್ಟಗೆ ಹಾಕ್ಸಿದ್ದಿದ್ರೆ ನನ್ ಮಾತು ಹೋಗಿರದು. ಎಷ್ಟ್ ಒತ್ತಿದೆ ಗೊತ್ತಾ? ಕೆಳಗೆ ಬಿದ್ಮೇಲೆ ಮಾತ್ರ ಆ ಫೋನು ಬಡ್ಕಂತಾನೇ ಇತ್ತು. ಯಾರೋ ನನ್ ಕೇಳ್ತಾವ್ರೆ ಅಂತ ಅದೊಂದೇ ಧೈರ್ಯ. ಅದಿಲ್ದಿದ್ರೆ ಕಣ್ಣು ಮುಚ್ಬಿಡ್ತಿದ್ದೆ."

ಬಡಿದುಕೊಂಡದ್ದು ವನ್ನೂರಪ್ಪನ ಫೋನು. ಬೈಯಲು ಮಾಡಿದ ಹನ್ನೊಂದು ಕರೆ. ಅವರು ಅದನ್ನೂ ಹೇಳಲಿಲ್ಲ. ಸರ್ಕಾರದ ಮೇಲೆ ಒಂದು ಮಾತು ಬಿದ್ದರೆ ಹತ್ತು ಮಾತು ಎಸೆಯುವ ಮನುಷ್ಯ ಮಜ್ಜಿಗೆ ಲೋಟವನ್ನೇ ನೋಡುತ್ತ ಕೂತರು. ತನ್ನ ಪಕ್ಷಕ್ಕೆ, ತನ್ನ ನಾಯಕರಿಗೆ, ತನಗೆ ಬೈಗುಳ ಬೀಳಲು ಬಿಟ್ಟು ಸುಮ್ಮನಿದ್ದರು. ಮಾತಾಡುವ ಜಾಗವನ್ನು ಅವರು ನನಗೆ ಬಿಟ್ಟಿದ್ದರು. ಬೈಗುಳ ಇನ್ನೊಂದು ಸುತ್ತು ತಿರುಗುವ ಮುಂಚೆ ನಾನು ಹೇಳಿದೆ.

"ಟವರ್ ಸರಿ ಇತ್ರಿ. ಗುಂಪಿಗೆ ನಾನು ಬೀಗ ಹಾಕಿದ್ದೆ. ನೀವು ಹತ್ತಿದ್ದು ನನಗ ಗೊತ್ತಿತ್ತು."

ತಿಪ್ಪೇಸ್ವಾಮಿ ನನ್ನನ್ನು ನೋಡಲಿಲ್ಲ. ವನ್ನೂರಪ್ಪನನ್ನು ಕೇಳಿದರು.

"ಹಂಗಾರೆ ಟವರ್ ಚೆನ್ನಾಗೈತಾ?"

"ಚಲೋ ಐತ್ರಿ."

"ಅದಕ್ಕೂ ನಿಮ್ ಸರ್ಕಾರಕ್ಕೂ ಸಂಬಂಧ ಇಲ್ಲ, ತಿಳ್ಕ."

"ಆತು ಬಿಡ್ರಿ."

ಆಮೇಲೆ ನನ್ನ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನಾವ್ ಕಿತ್ತಾಡಿದ್ದು ತಪ್ಪು ಕಣಪ್ಪ ಗುಮ್ಮಘಟ್ಟ. ಆದ್ರೆ ನೀನ್ ಮುಚ್ಸಿದ್ದು ಬರೀ ಕಿತ್ತಾಟದ ಬಾಯಲ್ಲ" ಎಂದರು. ಹಾಗೆಂದು ಎದ್ದು ನಿಂತರು.

"ಆ ಕೊಂಬೆ ಇನ್ನೂ ಹಂಗೇ ನೇತಾಡ್ತಾ ಐತೆ. ಯಾರೂ ಹತ್ತಕ್ಕೆ ಒಪ್ತಾ ಇಲ್ಲ. ದಾರೀಲಿ ಹೆಂಗಸ್ರು ಸೊಪ್ಪು ಹೊತ್ಕಂಡು ಓಡಾಡ್ತಾರೆ. ಬಾ, ಇಳಿಸ್ಕೊಟ್ಟು ಹೋಗು."

ಹುಣಸೆ ಮರದ ಬುಡದ ಸುತ್ತ ಯಜಮಾನರು ಜಾಲಿ ಮುಳ್ಳು ಹಾಕಿದ್ದರು. ನಾನು ಪಟ್ಟಿ ಕಟ್ಟಿದೆ. ವನ್ನೂರಪ್ಪ ಹಗ್ಗ ಹಿಡಿದು, ಸೊಂಟಕ್ಕೆ ಒಂದು ಸುತ್ತು ಹಾಕಿ, ಕಾಲೂರಿ ನಿಂತರು. ತಿಪ್ಪೇಸ್ವಾಮಿ ಅವರ ಪಕ್ಕದಲ್ಲಿ, ಒಳ್ಳೆಯ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಮೇಲೆ ನೋಡುತ್ತ ನಿಂತರು.

ಮೇಲೆ ಹೋದೆ. ಕಾಂಡದ ಮೇಲೆ ಅವರ ಕೈ ಸಿಕ್ಕಿಕೊಂಡಿದ್ದ ಜಾಗ ಕಾಣುತ್ತಿತ್ತು, ತೊಗಟೆ ನುಣ್ಣಗೆ ಸವೆದಿತ್ತು. ಎಷ್ಟು ಎಳೆದುಕೊಂಡಿದ್ದರೋ. ಆಮೇಲೆ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ, ಕೆಳಗಿಂದ ಮೊದಲು ಗಾಯ ಮಾಡಿ, ಮೇಲಿಂದ ಕೊಯ್ದು, ತುಂಡು ತುಂಡಾಗಿ ಇಳಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಕೆಳಗಿನಿಂದ ಎರಡೇ ಎರಡು ಮಾತು ಕೇಳಿದವು. "ಎಡಕ್ಕೆ ಟೊಳ್ಳೈತೆ, ಕಾಲಿಡಬ್ಯಾಡ" ಎಂದು ಒಬ್ಬರು. "ಹಗ್ಗ ಬಿಡ್ಲೇನೋ?" ಎಂದು ಇನ್ನೊಬ್ಬರು. ಒಬ್ಬರಿಗೊಬ್ಬರು ಒಂದಕ್ಷರ ಆಡಲಿಲ್ಲ, ಮೇಲಿದ್ದ ನನ್ನಿಂದ ಕಣ್ಣೂ ತೆಗೆಯಲಿಲ್ಲ.

ನನ್ನ ಕಾಲು ನೆಲ ಮುಟ್ಟಿತು. ವನ್ನೂರಪ್ಪ ಹಗ್ಗ ಸಡಿಲಿಸಿದರು. ತಿಪ್ಪೇಸ್ವಾಮಿ ಗಂಟಲು ಸರಿಮಾಡಿಕೊಂಡರು.

"ಅಲ್ಲಯ್ಯ ರಾಯದುರ್ಗ, ಆ ರಸ್ತೆ ಬೇವು ಕಡ್ಸಿದ್ರಲ್ಲ ನಿಮ್ಮೋರು..."

"ಯಾರ ಟೈಮಿನ್ಯಾಗ ಆರ್ಡರ್ ಆಗಿದ್ದು, ಅದನ್ನ ಮೊದಲು ಹೇಳ್ರಿ!"

ಬಸ್ ನಿಲ್ದಾಣದವರೆಗೂ ಕಿತ್ತಾಡಿದರು. ನಾನು ಹಗ್ಗದ ಚೀಲ ಹೊತ್ತು ಹಿಂದೆ ನಡೆದೆ, ಯಾರನ್ನೂ ತಡೆಯಲಿಲ್ಲ. ಕಿತ್ತಾಟ ಏನಿದ್ದರೂ ಮೇಲಿದ್ದವರು ಇಳಿದ ಮೇಲೆ. ಗುಂಪಿನ ನಿಯಮ ಈಗ ಅದೇ, ಬರೆದಿಟ್ಟದ್ದಲ್ಲ, ತಿಪ್ಪೇಸ್ವಾಮಿಯ ದನಿಯಲ್ಲಿ ಇದೆ. ಈಗ ಅಡ್ಮಿನ್ ಅವರು. ಜಗಲಿಯ ಮೇಲೆ ಕೂತು ಹತ್ತಿದವರ, ಇಳಿದವರ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟಿರುತ್ತಾರೆ. ಹೋದ ವಾರ ಮಟಮಟ ಮಧ್ಯಾಹ್ನ ತಡೆಯಲಾರದೆ ಒಬ್ಬ ಶಾಸಕರ ಬಗ್ಗೆ ನಾನೇ ನಾಲ್ಕು ಸಾಲು ಬರೆದು ಹಾಕಿದೆ. ನಿಮಿಷದೊಳಗೆ ಅವರ ದನಿ ಬಂತು.

"ಲೇ ಗುಮ್ಮಘಟ್ಟ, ಕಲ್ಯಾಣದುರ್ಗದೋನು ಇನ್ನೂ ಮೇಲವ್ನೆ. ಅವನು ಇಳೀಲಿ. ಆಮೇಲೆ ನಿನ್ ಚರ್ಮ ಸುಲೀತೀನಿ."